ಗ್ಯಾನಪ್ಪನ ಕುಲುಮೆ ಭತ್ಯೆ

ಕಡಲೆ ಕೀಳುವ ಕಾಲ. ಅಳವಂಡಿಯ ಎರೆಹೊಲಗಳಲ್ಲಿ ಇಬ್ಬನಿ ಆರುವ ಮೊದಲೇ ಹೆಂಗಸರು ಸಾಲು ಹಿಡಿದಿದ್ದರು. ಬಿಸಿಲೇರಿತೆಂದರೆ ಗಿಡ ಮುಳ್ಳಿನಂತಾಗಿ ಅಂಗೈ ಕೊರೆಯುತ್ತದೆ, ಕಾಯಿ ಸಿಡಿದು ಮಣ್ಣು ಸೇರುತ್ತದೆ. ಹಾಗಾಗಿ ಈ ಕೆಲಸವೇನಿದ್ದರೂ ತಂಪು ಹೊತ್ತಿನದು. ಮುದುಕಮ್ಮ ತನ್ನ ಮಗನ ಹರಿದ ಕಾಲುಚೀಲಗಳನ್ನು ಎರಡೂ ಕೈಗೆ ತೊಟ್ಟುಕೊಂಡು, ಬಗ್ಗಿದವಳು ಬಗ್ಗಿದಂತೆಯೇ ಗಿಡ ಕಿತ್ತು ಕಿತ್ತು ಹಿಂದಕ್ಕೆ ಹಾಕುತ್ತಿದ್ದಳು. ಆ ವರ್ಷ ಕಡಲೆ ಆಳಿಗೆ ದಿನಕ್ಕೆ ನಾಲ್ಕು ನೂರು ರೂಪಾಯಿ. ಮನೆಬಾಗಿಲಿಗೆ ಟಂಟಂ ಗಾಡಿ, ಎಂಟಕ್ಕೆ ಉಪ್ಪಿಟ್ಟು, ಹತ್ತಕ್ಕೆ ಚಹಾ, ಹನ್ನೆರಡಕ್ಕೆ ಬಿಡುಗಡೆ, ಹೊರಡುವಾಗ ಉಡಿಯಲ್ಲಿ ಎರಡು ಬೊಗಸೆ ಹಸಿಗಡಲೆ.

ಆ ಮಗ, ಅಂದರೆ ಗ್ಯಾನಪ್ಪ, ಅದೇ ಹೊತ್ತಿಗೆ ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟು, ಹೊಲದ ಪಕ್ಕದ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ಅದರ ಪ್ಲಗ್ ಊದುತ್ತಿದ್ದ. ಅವನು ಹೋಗಬೇಕಾಗಿದ್ದುದು ಕೊಪ್ಪಳಕ್ಕೆ. ಅಲ್ಲಿ ಸಿದ್ದೇಶ ವಕೀಲರ ಬಳಿ ಆರು ವರ್ಷದಿಂದ ಗುಮಾಸ್ತ. ತಿಂಗಳಿಗೆ ಆರು ಸಾವಿರ, ಅದೂ ಎರಡು ಕಂತಿನಲ್ಲಿ. ಯಲಬುರ್ಗಾಕ್ಕೆ ಹೋಗಿ ನಕಲು ತರುವುದಿರಲಿ, ಗಂಗಾವತಿಗೆ ಹೋಗಿ ನೋಟೀಸು ಮುಟ್ಟಿಸುವುದಿರಲಿ, ಪೆಟ್ರೋಲು ಅವನದೇ. ರಜೆ, ಭವಿಷ್ಯನಿಧಿ, ಆಸ್ಪತ್ರೆಯ ಕಾರ್ಡು ಇಂಥವನ್ನೆಲ್ಲ ಅವನು ಬೇರೆಯವರ ಫೈಲುಗಳಲ್ಲಿ ಮಾತ್ರ ಕಂಡಿದ್ದ. ದೀಪಾವಳಿಗೆ ಕಕ್ಷಿದಾರರು ತಂದುಕೊಟ್ಟ ಮಿಠಾಯಿ ಡಬ್ಬಿಗಳಲ್ಲಿ ಒಂದು, ಮೇಲಿನ ಪದರು ಖಾಲಿಯಾದ ನಂತರ, ಅವನ ಪಾಲಿಗೆ ಬರುತ್ತಿತ್ತು.

ಸಾಲಿನಲ್ಲಿದ್ದ ಒಬ್ಬಳು ಅವನನ್ನು ಕಂಡು, "ಮುದುಕಮ್ಮ, ನಿನ್ನ ಮಗಗೂ ಒಂದು ಸಾಲು ಹಿಡಿಸಬಾರದೇನು? ಕೋರ್ಟಿಗಿಂತ ಎರಡು ನೂರು ಜಾಸ್ತಿ ಬರ್ತೈತಿ, ಮ್ಯಾಲ ಉಪ್ಪಿಟ್ಟು," ಎಂದಳು.

"ಅಂವಂದು ಬರವಣಿಗಿ ಕೆಲಸ. ಬಗ್ಗೂದು ಇರೂದಿಲ್ಲ," ಎಂದಳು ಮುದುಕಮ್ಮ, ತಲೆಯೆತ್ತದೆ.

ಇದು ಪೂರ್ತಿ ಸರಿಯಲ್ಲ. ಕಡಲೆ ಕೀಳುವವರು ಬಗ್ಗುವುದು ಗಿಡಕ್ಕೆ ಮಾತ್ರ. ಗ್ಯಾನಪ್ಪ ಕೋರ್ಟಿನ ಜವಾನನಿಗೂ ಬಗ್ಗಬೇಕಿತ್ತು. ಆದರೆ ಆ ದಿನ ಅವನಿಗೆ ಚುಚ್ಚುತ್ತಿದ್ದುದು ಈ ಮಾತಲ್ಲ.

ಅವನ ಹೆಂಡತಿ ಹೇಮಾವತಿ ಚೊಚ್ಚಲ ಹೆರಿಗೆಗೆಂದು ಕುಷ್ಟಗಿಯ ತವರಿಗೆ ಹೋಗಿ ಒಂಬತ್ತು ತಿಂಗಳಾಗಿತ್ತು. ಗಂಡುಮಗು ಹುಟ್ಟಿ ಏಳು ತಿಂಗಳು. ಐದನೇ ತಿಂಗಳಿಗೆ ತೊಟ್ಟಿಲು ಸಮೇತ ತಾಯಿಮಗುವನ್ನು ಗಂಡನ ಮನೆಗೆ ಕಳಿಸುವುದು ಅವರಲ್ಲಿ ಪದ್ಧತಿ. ಮಾವ ಸುಭಾಷಪ್ಪ ಮೊದಲು ಅಮಾವಾಸ್ಯೆಯನ್ನು ಅಡ್ಡ ತಂದ. ಆಮೇಲೆ ಕೂಸಿಗೆ ನೆಗಡಿಯಾಯಿತು. ಆಮೇಲೆ ತೊಟ್ಟಿಲಿಗೆ ಬಣ್ಣ ಹಚ್ಚುವುದಿತ್ತು. ಬಣ್ಣ ಒಣಗಲು ಮೂವತ್ತು ದಿನ ತೆಗೆದುಕೊಂಡ ತೊಟ್ಟಿಲು ಕುಷ್ಟಗಿಯ ಚರಿತ್ರೆಯಲ್ಲಿ ಅದೊಂದೇ. ಕೊನೆಗೆ ಹಿಂದಿನ ದಿನ ಫೋನಿನಲ್ಲಿ ಒಳಮಾತು ಹೊರಬಿತ್ತು.

"ಅಳ್ಯಾರ, ಮದಿವ್ಯಾಗ ಕೋರ್ಟಿನಾಗ ಕೆಲಸ ಅಂದಿದ್ರಿ. ಖರೇ. ಆದ್ರ ಅಲ್ಲಿ ಒಂದು ಬೇವಿನ ಗಿಡಾನೂ ಐತಿ, ಅದೂ ಕೋರ್ಟಿನಾಗ ಐತಿ. ಒಂದು ಪಗಾರ ಚೀಟಿ ತೋರಸ್ರಿ, ತೊಟ್ಟಿಲಾ ತಗೊಂಡು ಹೋಗ್ರಿ."

ಸುಭಾಷಪ್ಪ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ತನ್ನ ಮುನ್ನೂರ ಎಪ್ಪತ್ತೆರಡು ಪಗಾರ ಚೀಟಿಗಳನ್ನು ಒಂದು ತಂತಿಯ ಕೊಕ್ಕೆಗೆ ಚುಚ್ಚಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಸೋಮವಾರ ಎರಡಕ್ಕೂ ಊದಿನಕಡ್ಡಿ. ಪಗಾರ ಚೀಟಿ ಇಲ್ಲದ ಗಂಡಸೆಂದರೆ ಅವನ ಲೆಕ್ಕದಲ್ಲಿ ಟಿಕೆಟು ತೆಗೆಸದೆ ಕುಳಿತ ಪ್ರಯಾಣಿಕ. ಎಲ್ಲಿಯೋ ಒಂದು ಕಡೆ ಇಳಿಸಲೇಬೇಕು.

ಸಿದ್ದೇಶ ವಕೀಲರ ಆಫೀಸು ಕೋರ್ಟಿನ ಎದುರಿಗೆ ತಗಡಿನ ಒಂದು ಕೋಣೆ. ಮುಂದೆ ಬೇವಿನ ಗಿಡ, ಗಿಡದ ಕೆಳಗೆ ಒಂದು ಮೇಜು. ವಕೀಲಿಯ ಜೊತೆಗೆ ಅವರು ನೋಟರಿಯೂ ಹೌದು. ಪ್ರಮಾಣಪತ್ರ, ಒಪ್ಪಿಗೆಪತ್ರ, ಹೆಸರು ಬದಲಾವಣೆ, ಏನೇ ತಂದರೂ ಅದರ ಮೇಲೆ "ಓದಿ ನೋಡಿ, ಓದಿ ಹೇಳಿ, ನನ್ನ ಸಮಕ್ಷಮ ಸಹಿಯಾಗಿದೆ" ಎಂಬ ದುಂಡು ಮೊಹರು ಬೀಳುತ್ತಿತ್ತು. ಮೊಹರು ಗ್ಯಾನಪ್ಪನ ಕೈಯಲ್ಲಿರುತ್ತಿತ್ತು. ಓದುವ ವಿಷಯಕ್ಕೆ ಬಂದರೆ, ಸಿದ್ದೇಶ ವಕೀಲರು ಹದಿನೆಂಟು ವರ್ಷದಲ್ಲಿ ಓದಿ ಸಹಿ ಮಾಡಿದ ಕಾಗದವೆಂದರೆ ತಮ್ಮ ಮದುವೆಯ ಲಗ್ನಪತ್ರಿಕೆ ಮಾತ್ರ ಎಂದು ಪಕ್ಕದ ಮೇಜಿನ ಜಿಲಾನಸಾಬ ಹೇಳುತ್ತಿದ್ದ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು; ಗ್ಯಾನಪ್ಪ ಒಂದೊಂದೇ ಹಾಳೆಯ ಮೂಲೆ ಎತ್ತಿ ಹಿಡಿದಂತೆ ಅವರು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಗೀಚುತ್ತ ಹೋಗುತ್ತಿದ್ದರು.

ಗ್ಯಾನಪ್ಪ ಕೈಕಟ್ಟಿ ನಿಂತು ಪಗಾರ ಚೀಟಿಯ ವಿಷಯ ತೆಗೆದ. ವಕೀಲರಿಗೆ ನಿಜವಾಗಿಯೂ ನೋವಾಯಿತು.

"ನೀ ನೌಕರ ಅಲ್ಲೋ ತಮ್ಮಾ. ಮನಿ ಮಗಾ ಇದ್ದಂಗ. ಮನಿ ಮಗಗ ಯಾರರ ಪಗಾರ ಚೀಟಿ ಕೊಡ್ತಾರೇನು?"

ಈ ಮಾತಿಗೆ ಗ್ಯಾನಪ್ಪನ ಕಣ್ಣು ಹನಿಗೂಡಿತು. ಚಹಾ ತೆಗೆದುಕೊಂಡು ಬರುವಾಗ ಅರ್ಧ ದಾರಿಯಲ್ಲಿ ಅವನಿಗೆ ಹೊಳೆಯಿತು, ಮನೆ ಮಗನಿಗೆ ಚೀಟಿ ಕೊಡುವುದಿಲ್ಲ ಸರಿ, ಆಸ್ತಿಯಲ್ಲಿ ಪಾಲು ಕೊಡುತ್ತಾರೆ. ಆದರೆ ಅಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು, ಕೇಳುವ ಹೊತ್ತು ಮೀರಿತ್ತು.

ಜಿಲಾನಸಾಬ ಬಾಂಡ್ ಬರೆಯುವವನು. ಮೂವತ್ತು ವರ್ಷದಿಂದ ಆ ಗಿಡದ ಕೆಳಗೆ ಕುಳಿತು ಜಗತ್ತಿನ ವ್ಯವಹಾರ ಕಂಡವನು. ಗ್ಯಾನಪ್ಪನ ಸಂಕಟ ಕೇಳಿ, ಚೀಟಿ ಕೊಡುವವರು ಇಲ್ಲದಿದ್ದರೆ ಮಾಡಿಕೊಳ್ಳುವವರು ಬೇಕಲ್ಲ, ನೀನು ದಿನಾ ಮಾಡುವ ಕೆಲಸವೇನು ಎಂದು ಕೇಳಿದ.

ಗ್ಯಾನಪ್ಪ ದಿನಾ ಮಾಡುವ ಕೆಲಸ, ಕೊಪ್ಪಳದ ಎಲ್ಲ ಗುಮಾಸ್ತರು ಮಾಡುವ ಕೆಲಸವೇ. ಹೊಸ ಕಾಗದ ಬೇಕಾದರೆ ಹಳೆಯ ಫೈಲಿನಿಂದ ಅಂಥದೇ ಒಂದನ್ನು ತೆಗೆಯುವುದು, ಹೆಸರು ಊರು ಬದಲಿಸುವುದು, ಉಳಿದದ್ದಕ್ಕೆ ಕೈ ಹಚ್ಚದಿರುವುದು. ಹಳೆಯ ಕಾಗದ ಒಮ್ಮೆ ಕೋರ್ಟಿನಲ್ಲಿ ನಡೆದಿದೆ. ಅದರ ಒಂದು ಅಕ್ಷರ ಮುಟ್ಟಿದರೂ ಓಡುವ ಯಂತ್ರಕ್ಕೆ ಕೈಹಾಕಿದಂತೆ ಎಂಬುದು ಅವರ ವೃತ್ತಿಯ ಮೊದಲ ಪಾಠ. ಹೀಗಾಗಿಯೇ ಒಮ್ಮೆ ಗ್ಯಾನಪ್ಪ ಬರೆದ ಎಮ್ಮೆಯ ದಾವೆಯಲ್ಲಿ ಎಮ್ಮೆಗೆ ಇಬ್ಬರು ಅಪ್ರಾಪ್ತ ಮಕ್ಕಳಿದ್ದರು.

ಪಗಾರ ಚೀಟಿಯ ಮಾದರಿಗೆ ಅವನಿಗೆ ಸಿಕ್ಕಿದ್ದು ಹಿಟ್ನಾಳದ ಒಬ್ಬ ಕೆಲಸಗಾರನ ಅಪಘಾತದ ಫೈಲು. ಆತ ಯಾವುದೋ ಕಬ್ಬಿಣದ ಕಾರ್ಖಾನೆಯಲ್ಲಿದ್ದವನು. ಅವನ ಡಿಸೆಂಬರ್ ತಿಂಗಳ ಚೀಟಿ ಎಂಥ ಚೀಟಿ ಎಂದರೆ, ಸಂಬಳದ ಸಾಲು ಓದುತ್ತಲೇ ಗ್ಯಾನಪ್ಪನಿಗೆ ಹೊಟ್ಟೆ ತುಂಬಿದಂತಾಯಿತು. ಅವನು ಹೆಸರು ಬದಲಿಸಿದ. ಮಾಲೀಕರ ಜಾಗದಲ್ಲಿ ಸಿದ್ದೇಶ ವಕೀಲರನ್ನು ಕೂರಿಸಿದ. ಕೈಗೆ ಬರುವ ಸಂಬಳ ಹದಿನೆಂಟೂವರೆ ಸಾವಿರ ಎಂದಿದ್ದನ್ನು ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಧೂಳು ಭತ್ಯೆ ಮುನ್ನೂರು ಎಂದಿತ್ತು. ಫೈಲುಗಳ ಧೂಳು ಕಾರ್ಖಾನೆಯ ಧೂಳಿಗಿಂತ ಕಡಿಮೆಯದಲ್ಲ ಎಂದು ಬಿಟ್ಟ. ಅದರ ಕೆಳಗೆ ಕುಲುಮೆ ಭತ್ಯೆ ಆರು ನೂರು, ಭವಿಷ್ಯನಿಧಿಗೆ ಕಡಿತ ಸಾವಿರದ ಎಂಟುನೂರು, ಈವರೆಗಿನ ಒಟ್ಟು ಕಡಿತ ಇಪ್ಪತ್ತೊಂದು ಸಾವಿರದ ಆರುನೂರು ಎಂದಿತ್ತು. ಅವುಗಳನ್ನು ಅವನು ನೋಡಲೇ ಇಲ್ಲ. ನಡೆದ ಕಾಗದ, ನಡೆಯಲಿ ಎಂದು ಪ್ರಿಂಟ್ ಒತ್ತಿದ.

ಮಧ್ಯಾಹ್ನ ಹದಿಮೂರು ಪ್ರಮಾಣಪತ್ರಗಳ ನಡುವೆ ಈ ಹದಿನಾಲ್ಕನೆಯದೂ ಸೇರಿತು. ವಕೀಲರು ಆಗ ಫೋನಿನಲ್ಲಿ ಯಾರೊಂದಿಗೋ ಟೊಮೆಟೊ ದರದ ಬಗ್ಗೆ ವಾದಿಸುತ್ತಿದ್ದರು. ಗ್ಯಾನಪ್ಪ ಮೂಲೆ ಎತ್ತಿದ, ಪೆನ್ನು ಓಡಿತು. ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಆದರೆ ಗ್ಯಾನಪ್ಪ ಶಿಸ್ತಿನ ಮನುಷ್ಯ. ಸಹಿಯಾದದ್ದಕ್ಕೆ ಮೊಹರು ಬೇಕು, ಮೊಹರು ಬಿದ್ದದ್ದು ನೋಟರಿ ರಿಜಿಸ್ಟರಿಗೆ ಏರಬೇಕು. ಕ್ರಮಸಂಖ್ಯೆ ಹಾಕಿ ಬರೆದ. ಸಂಜೆ ರಿಜಿಸ್ಟರಿಗೂ ವಕೀಲರ ಸಹಿಯಾಯಿತು.

ಭಾನುವಾರ ಕುಷ್ಟಗಿಯಲ್ಲಿ ಸುಭಾಷಪ್ಪ ಆ ಚೀಟಿಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ, ಬೆಳಕಿಗೆ ಹಿಡಿದು ಒಮ್ಮೆ ನೋಡಿದ. ಮೊಹರಿನ ಮೇಲೆ ಹೆಬ್ಬೆರಳು ಸವರಿದ. ಕುಲುಮೆ ಭತ್ಯೆಯ ಹತ್ತಿರ ಬಂದು ನಿಂತ.

"ಇದು ಏನ್ರಿ ಅಳ್ಯಾರ, ಕುಲುಮಿ?"

ಗ್ಯಾನಪ್ಪನೂ ಅದನ್ನು ಆಗಲೇ ಮೊದಲ ಸಲ ನೋಡಿದ್ದು. ಬೆವರು ಒರೆಸಿಕೊಂಡ, ಆ ಬೆವರೇ ಅವನಿಗೆ ಉತ್ತರ ಕೊಟ್ಟಿತು. "ಆಫೀಸಿನ ಮ್ಯಾಲ ತಗಡು ಐತ್ರಿ ಮಾವ. ಬ್ಯಾಸಗ್ಯಾಗ ಕುಲುಮಿ ಇದ್ದಂಗ ಆಕ್ಕೈತಿ. ಅದಕ್ಕ."

ಸುಭಾಷಪ್ಪ ಆ ಸಾಲನ್ನು ಇನ್ನೊಮ್ಮೆ ಓದಿದ. ಮೂವತ್ತೊಂದು ವರ್ಷ ಕಾದ ಇಂಜಿನ್ನಿನ ಕೆಳಗೆ ಅಂಗಾತ ಮಲಗಿದ ತನಗೆ ಯಾವ ಪುಣ್ಯಾತ್ಮನೂ ಇಂಥದ್ದೊಂದು ಕೊಟ್ಟಿರಲಿಲ್ಲ ಎಂದು ಹೇಳಿದ. ಅಂದೇ ಸಂಜೆ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದ. ಓಣಿಯವರು ಒಬ್ಬೊಬ್ಬರೇ ಬಂದು ನೋಡಿ ಹೋದರು. ಒಬ್ಬ ನಿವೃತ್ತ ಕಂಡಕ್ಟರ್ ಅದನ್ನು ಎರಡು ಸಲ ಓದಿ, ತನ್ನ ಮಗನನ್ನು ಇಂಜಿನಿಯರಿಂಗ್ ಓದಿಸಿ ತಪ್ಪು ಮಾಡಿದೆ, ವಕೀಲರ ಗುಮಾಸ್ತ ಮಾಡಬೇಕಿತ್ತು ಎಂದು ನಿಟ್ಟುಸಿರುಬಿಟ್ಟ. ಹೇಮಾವತಿ ಮಾತ್ರ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಗಂಡ ಹೊರಟಾಗ ಬೈಕಿನ ತನಕ ಬಂದು, ಪೆಟ್ರೋಲಿಗೆ ರೊಕ್ಕ ಐತೇನು ಎಂದು ಮೆಲ್ಲಗೆ ಕೇಳಿ, ಅವನು ಉತ್ತರಿಸುವ ಮೊದಲೇ ಅವನ ಜೇಬಿಗೆ ನೂರರ ನೋಟು ತುರುಕಿದಳು.

ಯುಗಾದಿಯ ಮಾರನೆಯ ದಿನಕ್ಕೆ ತೊಟ್ಟಿಲು ಕಳಿಸುವುದೆಂದು ಗೊತ್ತಾಯಿತು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ಕಾರಣ ಸುಭಾಷಪ್ಪನಿಗಿದ್ದ ಉಚಿತ ಬಸ್ ಪಾಸು.

ಚೀಟಿಯನ್ನು ದಿನಕ್ಕೆರಡು ಸಲ ಓದುತ್ತಿದ್ದ ಅವನಿಗೆ ಹತ್ತನೆಯ ದಿನ ಒಂದು ಕೊರತೆ ಕಂಡಿತು. ಭವಿಷ್ಯನಿಧಿಗೆ ರೊಕ್ಕ ಕಡಿದಿದ್ದಾರೆ, ಆದರೆ ಖಾತೆಯ ನಂಬರಿಲ್ಲ. ನಂಬರಿಲ್ಲದಿದ್ದರೆ ವಾರಸುದಾರ ಅಂತ ಮೊಮ್ಮಗನ ಹೆಸರು ಸೇರಿಸುವುದು ಎಲ್ಲಿ? ಪಾಸು ಜೇಬಿನಲ್ಲಿತ್ತು. ಬಸ್ಸು ಹತ್ತಿ ನೇರ ಕೊಪ್ಪಳದ ಕಾರ್ಮಿಕ ಕಚೇರಿಗೆ ಬಂದುಬಿಟ್ಟ.

ಅಲ್ಲಿ ಇನ್ಸ್‌ಪೆಕ್ಟರ್ ಶಹನಾಜಬೇಗಂ ಇದ್ದರು. ಅವರು ಸಿದ್ದೇಶ ವಕೀಲರ ಪೂರ್ತಿ ವಿರುದ್ಧ ಜಾತಿಯವರು: ಓದುವವರು. ಸಿಹಿ ಅಂಗಡಿಯಲ್ಲಿ ಜಿಲೇಬಿ ಕಟ್ಟಿಕೊಟ್ಟ ಪೇಪರನ್ನೂ ಜಿಲೇಬಿ ತಿನ್ನುವ ಮೊದಲು ಓದುವವರೆಂದು ಹೆಸರು. ಚೀಟಿಯನ್ನು ಎರಡು ಸಲ ಓದಿ, ನಿಮ್ಮ ಅಳಿಯನ ಹೆಸರಲ್ಲಿ ಎಲ್ಲಿಯೂ ಖಾತೆ ಇರುವಂತೆ ಕಾಣುವುದಿಲ್ಲ, ಕಡಿದ ಹಣ ಎಲ್ಲಿ ಹೋಯಿತೋ ವಿಚಾರಿಸಬೇಕು ಎಂದರು. ಸುಭಾಷಪ್ಪನ ರಕ್ತ ಕುದಿಯಿತು. ಅಳಿಯ ಕುಲುಮೆಯಲ್ಲಿ ಬೆಂದು ದುಡಿದದ್ದನ್ನು ವಕೀಲ ನುಂಗಿದ್ದಾನೆ ಎಂದು ಅಲ್ಲಿಯೇ ಒಂದು ದೂರು ಬರೆದುಕೊಟ್ಟು, ಅಳಿಯನಿಗೆ ಸಂತೋಷದ ಆಶ್ಚರ್ಯವಾಗಲಿ ಎಂದು ಯಾರಿಗೂ ಹೇಳದೆ ಊರಿಗೆ ಹೋದ.

ಕಾರ್ಮಿಕ ಕಚೇರಿಯ ನೋಟೀಸು ಸಿದ್ದೇಶ ವಕೀಲರ ಆಫೀಸಿಗೆ ಬಂತು. ಟಪಾಲು ಒಡೆಯುವುದು ಗ್ಯಾನಪ್ಪನ ಕೆಲಸ. ಒಡೆದ. ಓದಿದ. ಬೇವಿನ ಗಿಡ, ಮೇಜು, ಜಿಲಾನಸಾಬ ಎಲ್ಲವೂ ಒಮ್ಮೆ ತಿರುಗಿ ತಮ್ಮ ಜಾಗಕ್ಕೆ ಬಂದು ನಿಂತವು. ಇಷ್ಟಾದರೂ ಅವನ ಕೈ ತಾನಾಗಿಯೇ ಆವಕ ಪುಸ್ತಕದಲ್ಲಿ ನಂಬರು ಹಾಕಿತ್ತು.

ಜಿಲಾನಸಾಬನಿಗೆ ತೋರಿಸಿದ. ಅವನು ಬಾಯಲ್ಲಿದ್ದ ಅಡಿಕೆ ನುಂಗಿ, ಕೋರ್ಟಿನ ಬಳಿ ಮೂವತ್ತು ವರ್ಷದಿಂದ ತಾನು ಕಂಡ ಔಷಧ ಒಂದೇ, ಯಾವ ರೋಗಕ್ಕಾದರೂ ಅದೇ ಎಂದ. "ಟೈಮ್ ಕೇಳು."

ಟೈಮ್ ಕೇಳುವ ಅರ್ಜಿ ಗ್ಯಾನಪ್ಪನಿಗೆ ಉಸಿರಾಡಿದಷ್ಟು ಸಲೀಸು. ಹಳೆಯ ಫೈಲು ತೆಗೆದ, ಹೆಸರು ಬದಲಿಸಿದ. ಫೈಲು ಮಾತ್ರ ಸಾಲದ ದಾವೆಯದಾಗಿತ್ತು. ಅದರ ಕೊನೆಯಲ್ಲಿ, "ಸದರಿ ಮೊತ್ತ ಕೊಡಬೇಕಾದುದು ನಿಜವಿದ್ದು, ಹಣ ಹೊಂದಿಸಿಕೊಳ್ಳಲು ಹದಿನೈದು ದಿನಗಳ ಕಾಲಾವಕಾಶ ದಯಪಾಲಿಸಬೇಕು" ಎಂದಿತ್ತು. ನಡೆದ ಕಾಗದ. ಮಧ್ಯಾಹ್ನ ವಕೀಲರು ಫೋನಿನಲ್ಲಿ ಮಾತಾಡುತ್ತ ಅದಕ್ಕೂ ಸಹಿ ಮಾಡಿದರು.

ಹದಿನೈದು ದಿನವಾಗಿ ಹದಿನಾರನೆಯ ದಿನ, ಬಿಸಿಲು ತಗಡಿನ ಮೇಲೆ ಕೂತು ಕಾಯುತ್ತಿದ್ದ ಹನ್ನೊಂದು ಗಂಟೆಗೆ, ಶಹನಾಜಬೇಗಂ ಬೇವಿನ ಗಿಡದ ಕೆಳಗೆ ಬಂದು ತಾವು ತಪಾಸಣೆಗೆ ಬಂದಿರುವುದಾಗಿ ಹೇಳಿದರು. ದೂರುದಾರನೂ ಇರಬೇಕೆಂದು ಸುಭಾಷಪ್ಪನಿಗೆ ತಿಳಿಸಿದ್ದರು. ಅವನು ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಪ್ಲಾಸ್ಟಿಕ್ ಹಾಕಿಸಿದ ಚೀಟಿಯನ್ನು ಎದೆಗೆ ಹಿಡಿದುಕೊಂಡು, ಅವಲಂಬಿತರೆಂದು ಸಾಕ್ಷಿಗೆ ಹೇಮಾವತಿಯನ್ನೂ ಕೂಸನ್ನೂ ಕರೆದುಕೊಂಡು ಬಂದಿದ್ದ. ಗ್ಯಾನಪ್ಪ ಅವರನ್ನು ಕಂಡದ್ದೇ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕತೊಡಗಿದ. ಪೆನ್ನು ಬಿದ್ದಿರಲಿಲ್ಲ.

ಸಿದ್ದೇಶ ವಕೀಲರು ಮೊದಲು ನಕ್ಕರು. ತಪ್ಪು ಆಫೀಸಿಗೆ ಬಂದಿದ್ದೀರಿ, ನನ್ನ ಬಳಿ ನೌಕರರೇ ಇಲ್ಲ, ಇವನು ಮನೆ ಮಗ ಎಂದರು. ಇನ್ಸ್‌ಪೆಕ್ಟರು ಸುಭಾಷಪ್ಪನ ಕೈಯಿಂದ ಚೀಟಿ ತೆಗೆದುಕೊಂಡು ಮೇಜಿನ ಮೇಲಿಟ್ಟರು. ವಕೀಲರು ತಮ್ಮ ಜೀವಮಾನದಲ್ಲಿ ಬಹುಶಃ ಎರಡನೆಯ ಸಲ, ಒಂದು ಕಾಗದವನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಓದುತ್ತ ಹೋದಂತೆ ಮುಖದ ಬಣ್ಣ ಕುಲುಮೆ ಭತ್ಯೆಗೆ ಹೊಂದುವಂತಾಯಿತು.

"ಇದು ನನ್ನ ಸಹಿ ಅಲ್ಲ," ಎಂದರು.

ಶಹನಾಜಬೇಗಂ ಟೈಮ್ ಕೇಳಿದ ಅರ್ಜಿಯನ್ನು ಪಕ್ಕದಲ್ಲಿಟ್ಟರು. ಅದರ ಪಕ್ಕದಲ್ಲಿ ನೋಟರಿ ರಿಜಿಸ್ಟರು ತರಿಸಿ ಬಿಚ್ಚಿಟ್ಟರು. ಮೂರು ಸಹಿಗಳೂ ಒಂದೇ ತಾಯಿಯ ಮಕ್ಕಳಂತೆ ಸಾಲಾಗಿ ಕುಳಿತಿದ್ದವು. ಇಷ್ಟು ಹೊತ್ತಿಗೆ ಅಕ್ಕಪಕ್ಕದ ಮೇಜಿನವರು ತಮ್ಮ ಕುರ್ಚಿಗಳನ್ನು ಇತ್ತ ತಿರುಗಿಸಿಕೊಂಡಿದ್ದರು. ಪ್ರಮಾಣಪತ್ರಕ್ಕೆಂದು ಬಂದ ಏಳೆಂಟು ಜನ ಕಕ್ಷಿದಾರರು ಸುತ್ತುಗಟ್ಟಿ ನಿಂತರು.

"ಸಹಿ ನಂದ ಇರಬಹುದ್ರಿ ಮೇಡಂ. ಆದ್ರ ಓದಿರಲಿಲ್ಲ," ಎಂದರು ವಕೀಲರು, ದನಿ ತಗ್ಗಿಸಿ.

ಇನ್ಸ್‌ಪೆಕ್ಟರು ರಿಜಿಸ್ಟರಿನ ಹಾಳೆಗಳನ್ನು ಸಾವಕಾಶ ತಿರುವಿದರು. "ಇದರಾಗ ನಾಲ್ಕು ಸಾವಿರದ ಮ್ಯಾಲ ನಂಬರ್ ಅದಾವ್ರಿ. ಎಲ್ಲಾದರ ಮ್ಯಾಲೂ ಓದಿ ನೋಡಿ, ಓದಿ ಹೇಳಿ ಅಂತ ಐತಿ. ಯಾವ್ಯಾವು ಓದೀರಿ, ಯಾವ್ಯಾವು ಓದಿಲ್ಲ, ಒಂದು ಪಟ್ಟಿ ಕೊಡ್ತೀರೇನು?"

ಹಿಂದಿನಿಂದ ಒಬ್ಬ ರೈತ, ತಲೆಯ ಮೇಲಿನ ಟವೆಲ್ ಸರಿಮಾಡಿಕೊಂಡು, ಹೋದ ವರ್ಷ ತಾನೂ ತಮ್ಮನೂ ಹೊಲ ಹಂಚಿಕೊಂಡ ಕಾಗದವನ್ನು ವಕೀಲರು ಓದಿದ್ದರೋ ಇಲ್ಲವೋ ಎಂದು ಕೇಳಿದ. ಅವನಿಗೆ ಗಾಬರಿಯಿರಲಿಲ್ಲ, ಓದಿರದಿದ್ದರೆ ಒಳ್ಳೆಯದು ಎಂಬ ಆಸೆ ಮುಖದಲ್ಲಿ ಕಾಣುತ್ತಿತ್ತು. ಜಿಲಾನಸಾಬ ಮೆಲ್ಲಗೆ ಕೆಮ್ಮಿದ. ಸಿದ್ದೇಶ ವಕೀಲರು ಆ ರೈತನ ಮುಖ ನೋಡಿದರು, ರಿಜಿಸ್ಟರು ನೋಡಿದರು, ಹದಿನೆಂಟು ವರ್ಷದ ತಮ್ಮ ಮೊಹರನ್ನು ನೋಡಿದರು.

"ಓದೇನ್ರಿ," ಎಂದರು. "ಎಲ್ಲಾ ಓದೇನಿ. ಇದನ್ನೂ ಓದೇ ಸಹಿ ಮಾಡೇನಿ."

ಹಾಗಾದರೆ ಚೀಟಿ ಸತ್ಯ ಎಂದಾಯಿತು. ಶಹನಾಜಬೇಗಂ ವಿವರಿಸಿದರು: ಒಬ್ಬನೇ ಕೆಲಸಗಾರ ಇರುವ ಕಡೆಗೆ ಭವಿಷ್ಯನಿಧಿಯ ನಿಯಮ ಬರುವುದಿಲ್ಲ, ಖಾತೆ ತೆರೆಯಬೇಕಿರಲಿಲ್ಲ. ತೆರೆಯಬೇಕಿಲ್ಲ ಅಂದಮೇಲೆ ಕಡಿಯಲೂ ಬಾರದಿತ್ತು. ಕಡಿದದ್ದು ವಕೀಲರ ಸಹಿಯ ಪ್ರಕಾರ ಒಟ್ಟು ಇಪ್ಪತ್ತೊಂದು ಸಾವಿರದ ಆರುನೂರು. ಕೊಡಬೇಕಾದುದು ನಿಜ ಎಂದು ಅರ್ಜಿಯಲ್ಲಿ ಅವರೇ ಒಪ್ಪಿದ್ದಾರೆ. ವಾಪಸು ಕೊಡಬೇಕು. ಕೊಡದ ಸಂಬಳದಿಂದ ಕಡಿಯದ ಹಣವನ್ನು ಮರಳಿಸುವುದು ಹೇಗೆ ಎಂದು ವಕೀಲರು ಕೇಳಬೇಕೆಂದು ಬಾಯಿ ತೆರೆದರು. ಕೇಳಿದರೆ ಸಂಬಳ ಕೊಟ್ಟಿಲ್ಲ ಎಂದು ಒಪ್ಪಿದಂತಾಗುತ್ತಿತ್ತು. ಬಾಯಿ ಮುಚ್ಚಿದರು.

ಇನ್ಸ್‌ಪೆಕ್ಟರು ಗ್ಯಾನಪ್ಪನ ಕಡೆ ತಿರುಗಿ, ಒಂದೇ ಪ್ರಶ್ನೆ ಉಳಿದಿದೆ ಎಂದರು. "ಚೀಟ್ಯಾಗ ಬರದಂಗ ಹದಿನೆಂಟೂವರಿ ಸಾವಿರ ನಿನ್ನ ಕೈಗೆ ಮುಟ್ಟೈತೇನಪಾ?"

ಎಲ್ಲರೂ ಗ್ಯಾನಪ್ಪನನ್ನು ನೋಡಿದರು. ವಕೀಲರು ಕಣ್ಣಲ್ಲೇ ಹೌದೆನ್ನು ಎಂದು ಬೇಡುತ್ತಿದ್ದರು. ಮಾವ, ಹೌದೆನ್ನದೆ ಇನ್ನೇನು ಎಂಬಂತೆ ಎದೆಯೆತ್ತಿ ನಿಂತಿದ್ದ. ಹೌದು ಎಂದರೆ ಮುಂದಿನ ತಿಂಗಳೂ ಆರು ಸಾವಿರ, ಎರಡು ಕಂತು. ಇಲ್ಲ ಎಂದರೆ ತೊಟ್ಟಿಲಿಗೆ ಇನ್ನೊಂದು ಬಣ್ಣ. ಗ್ಯಾನಪ್ಪ ಆರು ವರ್ಷದಲ್ಲಿ ಕಲಿತ ಸಕಲ ವಿದ್ಯೆಯನ್ನೂ ಕೂಡಿಸಿಕೊಂಡು, ಕೈಮುಗಿದು, "ಉತ್ತರಕ್ಕ ಹದಿನೈದು ದಿನಾ ಟೈಮ್ ಬೇಕ್ರಿ," ಎಂದ.

"ಆರು ಸಾವಿರ ರೀ ಮೇಡಂ."

ಹೇಳಿದವಳು ಹೇಮಾವತಿ. ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ದಾಟಿಸಿಕೊಂಡು, ಸಂತೆಯಲ್ಲಿ ತೂಕ ಹೇಳುವ ದನಿಯಲ್ಲಿ ಹೇಳಿದಳು. "ಹತ್ತಕ್ಕ ಮೂರು, ಇಪ್ಪತ್ತೈದಕ್ಕ ಮೂರು. ಅದರಾಗ ಪೆಟ್ರೋಲಿಗೆ ಎರಡು ಹೊಕ್ಕಾವು. ನಮ್ಮತ್ತಿ ಕಡ್ಲಿ ಕಿತ್ತು ತಂದದ್ದರಾಗ ಮನಿ ನಡಿತೈತಿ. ಈ ಚೀಟಿ ಇವರು ಬರದದ್ದು. ಎಮ್ಮಿಗೆ ಮಕ್ಕಳು ಬರದವರಿಗೆ ಇದೇನು ದೊಡ್ಡದು."

ಸುಭಾಷಪ್ಪ ಕೆಳಗೆ ಕೂತ. ಪ್ಲಾಸ್ಟಿಕ್ ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಗಳನ್ನು ಕೇಳಿದ. ಹೇಳಿದ್ದರೆ ನೀವು ಕಳಿಸುತ್ತಿದ್ದಿರೇನು ಎಂದಳು ಅವಳು. ಆಮೇಲೆ ಅವನು ಯಾರನ್ನೂ ನೋಡದೆ, ತಂತಿಯಲ್ಲಿರುವ ಚೀಟಿಗಳು ಮೂವತ್ತೊಂದು ವರ್ಷದವು, ಅದಕ್ಕೂ ಮೊದಲು ಎಂಟು ವರ್ಷ ತಾನು ಡಿಪೋದಲ್ಲಿ ದಿನಗೂಲಿಗೆ ಬಸ್ಸು ತೊಳೆದಿದ್ದೆ, ಅದಕ್ಕೆ ಚೀಟಿಯೇ ಇರಲಿಲ್ಲ, ಹೆಣ್ಣು ಕೊಟ್ಟ ಮಾವನಿಗೆ ಮೆಕ್ಯಾನಿಕ್ ಎಂದೇ ಹೇಳಿದ್ದೆ ಎಂದ. ಹೇಮಾವತಿಗೆ ಇದು ಹೊಸ ಸುದ್ದಿ. ಎದ್ದು ನಿಂತಾಗ ಅವನ ಸಿಟ್ಟು ದಾರಿ ಬದಲಿಸಿತ್ತು. ಅಳಿಯನನ್ನು ದಾಟಿ ಹೋಗಿ ಮೇಜಿನ ಮುಂದೆ ನಿಂತ.

"ವಕೀಲರ, ಇಲ್ಲಾ ಚೀಟಿ ಹಂಗ ಪಗಾರ ಕೊಡ್ರಿ, ಇಲ್ಲಾ ಪಗಾರ ಹಂಗ ಚೀಟಿ ಕೊಡ್ರಿ. ಎರಡೂ ಇಲ್ಲದ ಮನುಷ್ಯಾನ್ನ ಮಗಾ ಅನ್ನಬ್ಯಾಡ್ರಿ. ನನಗ ಅಳಿಯ ಅನ್ನಾಕ ನಾಚಿಕಿ ಬರ್ತೈತಿ."

ಶಹನಾಜಬೇಗಂ ಗ್ಯಾನಪ್ಪನನ್ನೂ ಬಿಡಲಿಲ್ಲ. ಇನ್ನೊಮ್ಮೆ ಇಂಥ ಚೀಟಿ ತಮ್ಮ ಕಣ್ಣಿಗೆ ಬಿದ್ದರೆ ಬರೆದವನನ್ನು ಮೊದಲು ವಿಚಾರಿಸುವುದಾಗಿ ಹೇಳಿದರು. ಗ್ಯಾನಪ್ಪ ಅಭ್ಯಾಸಬಲದಿಂದ ಅದನ್ನೂ ಬರೆದುಕೊಂಡ. ನಂತರ ಇಬ್ಬರೂ ಬಯಸಿದರೆ ರಾಜಿಯಾಗಬಹುದು ಎಂದರು. ರಾಜಿ ಎಂಬ ಶಬ್ದ ಕೇಳಿ ವಕೀಲರಿಗೆ ಜೀವ ಬಂತು. ಅದು ಅವರ ಊರ ಭಾಷೆ. ಮಧ್ಯಾಹ್ನದ ತನಕ ಚೌಕಾಸಿ ನಡೆಯಿತು. ಮುಂದಿನ ತಿಂಗಳಿಂದ ಸಂಬಳ ಹನ್ನೊಂದು ಸಾವಿರ, ಬ್ಯಾಂಕಿಗೆ, ಒಂದೇ ಕಂತಿನಲ್ಲಿ. ಪೆಟ್ರೋಲು ಬೇರೆ. ವಾರಕ್ಕೊಂದು ರಜೆ. ಜ್ವರ ಬಂದಾಗ ಫೈಲು ಮನೆಗೆ ಕಳಿಸುವಂತಿಲ್ಲ. ಇಪ್ಪತ್ತೊಂದು ಸಾವಿರದ ಆರುನೂರನ್ನು ಹನ್ನೆರಡು ತಿಂಗಳ ಕಂತಿನಲ್ಲಿ ಕೊಡುವುದು. ಧೂಳು ಭತ್ಯೆ ಮುನ್ನೂರರಿಂದ ನೂರಕ್ಕೆ ಇಳಿಯಿತು. ಕುಲುಮೆ ಭತ್ಯೆಗೆ ವಕೀಲರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಸುಭಾಷಪ್ಪ ಒಳಗೆ ಹೋಗಿ, ಸ್ಟೂಲು ಹತ್ತಿ, ತಗಡಿಗೆ ಅಂಗೈ ಹಚ್ಚಿ ನೋಡಿ, ಕೈಗೆ ಉಫ್ ಎಂದು ಊದುತ್ತ ಹೊರಬಂದು, ಅದನ್ನು ತಾನು ಬಿಡುವವನಲ್ಲ ಎಂದ. ಕೊನೆಗೆ ಭತ್ಯೆಗೆ ಬದಲಾಗಿ ಆಫೀಸಿನ ಫ್ಯಾನಿನ ಮುಖವನ್ನು ದಿನಕ್ಕೆ ಎರಡು ತಾಸು ಗ್ಯಾನಪ್ಪನ ಕಡೆಗೆ ತಿರುಗಿಸತಕ್ಕದ್ದು ಎಂದು ತೀರ್ಮಾನವಾಯಿತು.

ರಾಜಿಪತ್ರವನ್ನು ಅಲ್ಲಿಯೇ ಬೆರಳಚ್ಚು ಮಾಡಲು ಗ್ಯಾನಪ್ಪ ಕುಳಿತು ಹಳೆಯ ಫೈಲಿಗೆ ಕೈಚಾಚಿದ. ಹೇಮಾವತಿ ಫೈಲನ್ನು ಎತ್ತಿ ಕಪಾಟಿನ ಮೇಲಿಟ್ಟಳು. ಅವನು ಆರು ವರ್ಷದಲ್ಲಿ ಮೊದಲ ಸಲ ಒಂದು ಕಾಗದವನ್ನು ತಲೆಯಿಂದ ಬರೆದ. ವಕೀಲರು ಅದನ್ನು ಓದಿದರು. ನಲವತ್ತು ನಿಮಿಷ ಓದಿದರು. ಫೋನು ಮೂರು ಸಲ ಬಂದರೂ ಎತ್ತಲಿಲ್ಲ. ಎರಡು ತಪ್ಪು ತಿದ್ದಿ ಸಹಿ ಮಾಡಿದರು. ಸುತ್ತ ನಿಂತ ಕಕ್ಷಿದಾರರು ಅದನ್ನು ನೋಡಿ, ತಮ್ಮ ಕಾಗದವನ್ನೂ ಹಾಗೆಯೇ ಓದಬೇಕೆಂದು ಹಟ ಹಿಡಿದರು. ಅಂದು ಸಿದ್ದೇಶ ವಕೀಲರು ಮನೆಗೆ ಹೋದಾಗ ಬೀದಿದೀಪ ಹತ್ತಿದ್ದವು, ಅವರ ಕಣ್ಣು ಕೆಂಪಾಗಿದ್ದವು.

ಯುಗಾದಿಯ ಮಾರನೆಯ ದಿನ ಕುಷ್ಟಗಿಯಿಂದ ಬಂದ ಬಸ್ಸಿನ ಮೇಲೆ ತೊಟ್ಟಿಲು ಅಳವಂಡಿಗೆ ಬಂದಿಳಿಯಿತು. ಮುದುಕಮ್ಮ ಸೊಸೆ ಮೊಮ್ಮಗನಿಗೆ ನಿವಾಳಿಸಿ ಒಳಗೆ ಕರೆದುಕೊಂಡಳು. ತೊಟ್ಟಿಲಿನೊಳಗೆ ಕೂಸಿನ ಬಟ್ಟೆಯ ಜೊತೆಗೆ ಒಂದು ಹೊಸ ತಂತಿಯ ಕೊಕ್ಕೆಯೂ ಇತ್ತು. ಮುಂದಿನ ತಿಂಗಳು ಗ್ಯಾನಪ್ಪ ತನ್ನ ಮೊದಲ ಖರೇ ಚೀಟಿಯನ್ನು ಅದಕ್ಕೆ ಚುಚ್ಚಿದ. ಪ್ಲಾಸ್ಟಿಕ್ ಹಾಕಿಸಿದ ಚೀಟಿ ಕುಷ್ಟಗಿಯಲ್ಲೇ ಉಳಿಯಿತು. ಓಣಿಯವರಿಗೆ ನಿಜ ಹೇಳುವ ಧೈರ್ಯ ಸುಭಾಷಪ್ಪನಿಗೆ ಇನ್ನೂ ಬಂದಿರಲಿಲ್ಲ.

ಕಂತುಗಳು ಒಂದೊಂದಾಗಿ ಬಂದವು. ಮತ್ತೆ ಕಡಲೆ ಕೀಳುವ ಕಾಲ ಬರುವ ಹೊತ್ತಿಗೆ ಹನ್ನೊಂದು ಮುಗಿದು ಕೊನೆಯದೊಂದು ಉಳಿದಿತ್ತು, ಸಾವಿರದ ಎಂಟುನೂರು. ಗ್ಯಾನಪ್ಪ ಅದರ ರಸೀದಿ ಬರೆದು ವಕೀಲರ ಮೇಜಿನ ಮೇಲಿಟ್ಟು, ಸಹಿ ಮಾಡಿ ರೊಕ್ಕ ಕೊಟ್ಟರೆ ವ್ಯವಹಾರ ಮುಗಿಯಿತು ಎಂದ. ನಾಲ್ಕು ಸಾಲಿನ ರಸೀದಿ. ಅದನ್ನಿಟ್ಟು ಈಗ ಎರಡು ತಿಂಗಳಾಯಿತು. ಕೇಳಿದಾಗಲೆಲ್ಲ ಸಿದ್ದೇಶ ವಕೀಲರು ಕನ್ನಡಕ ಏರಿಸಿ, ಫ್ಯಾನಿನ ಮುಖವನ್ನು ಗ್ಯಾನಪ್ಪನ ಕಡೆ ಒಂದಿಷ್ಟು ತಿರುಗಿಸಿ, ಅತ್ಯಂತ ವಿನಯದಿಂದ ಹೇಳುತ್ತಾರೆ:

"ಓದಾಕತ್ತೀನಿ ತಡಿಯಪಾ."